ಸಂಪಿನ ಬಾಯಲ್ಲಿ ಕೆಂಪು ಸ್ಟೂಲು

ಬೊಮ್ಮಸಂದ್ರದ ಆ ಬಾಡಿಗೆ ಮನೆ ನೋಡೋಕೆ ಹೋದಾಗ ನಾನು ಮೊದಲು ನೋಡಿದ್ದು ಅಡುಗೆಮನೆ ಅಲ್ಲ, ಅಂಗಳದ ಸಂಪು. ಗೇಟು ದಾಟಿದ ಕೂಡಲೇ ಕಾಲಿಗೆ ಸಿಗೋ ಹಾಗೆ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳ. ಕೆಳಗೆ ಇಡೀ ಬಿಲ್ಡಿಂಗಿಗೆ ಸಾಲುವಷ್ಟು ನೀರು. ಆಗ ನನ್ನ ಮಗಳಿಗೆ ಎರಡು ವರ್ಷ ತುಂಬಿತ್ತು ಅಷ್ಟೆ. "ಇದಕ್ಕೆ ಬೀಗ ಇಲ್ವಾ?" ಅಂದೆ. ನನ್ನ ಗಂಡ "ನಿಂದು ಯಾವಾಗ್ಲೂ ಇದ್ದಿದ್ದೇ" ಅಂತ ನಕ್ಕ. ಹೌದು ಕಣ್ರೀ, ನಂದು ಇದ್ದಿದ್ದೇ. ಮಕ್ಕಳಿರೋ ಮನೇಲಿ ಒಬ್ಬರಾದ್ರೂ ಪುಕ್ಕಲರು ಇರಬೇಕು.

ಓನರ್ ಅಜ್ಜಿ ಕೆಳಗಿನ ಮನೇಲೇ ಇದ್ದರು ಅನ್ನೋದು ಸ್ವಲ್ಪ ಸಮಾಧಾನ. ಅದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ಅದೇ ಜಾಗದಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆ. ಸಂಜೆಯಾದರೆ ಸಂಪಿನ ಮುಚ್ಚಳದ ಮೇಲೇ ಚಾಪೆ ಹಾಕ್ಕೊಂಡು ಅವರೆಕಾಯಿ ಸುಲಿಯೋರು. ಮಕ್ಕಳು ಹತ್ತಿರ ಬಂದರೆ, "ಓಗ್ರೋ ಅತ್ಲಾಗೆ, ಒಳಗೆ ಗುಮ್ಮ ಅವ್ನೆ, ಇಡ್ಕೊಂಡೋಯ್ತಾನೆ" ಅಂತ ಗದರಿಸೋರು. ನನ್ನ ಮಗಳು ಹೆದರಿ ನನ್ನ ಚೂಡಿದಾರದ ಹಿಂದೆ ಬಚ್ಚಿಟ್ಕೊಳ್ಳೋಳು. ಆ ಹೆದರಿಕೆ ನನಗೆ ಬೇಕಾಗಿತ್ತು.

ಆದರೆ ಅವಳ ಹೆದರಿಕೆ ಸಂಪಿಗೆ ನಿಲ್ಲಲಿಲ್ಲ. ತಲೆಗೆ ಒಂದು ಚೊಂಬು ನೀರು ಹಾಕಿದರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚಾಟ. ಜಾರುಬಂಡೆ ಬೇಡ, ಉಯ್ಯಾಲೆ ಬೇಡ, ಮರಳಲ್ಲಿ ಕಾಲಿಡೋಕೂ ಒಲ್ಲೆ. ಕೊನೆಗೆ ನನ್ನ ಗಂಡನೇ ಹಟ ಹಿಡಿದು ಹತ್ತಿರದ ಅಪಾರ್ಟ್‌ಮೆಂಟಿನ ಪೂಲಲ್ಲಿ ಪುಟ್ಟ ಮಕ್ಕಳ ಈಜು ಕ್ಲಾಸಿಗೆ ಸೇರಿಸಿದ. ಮೊದಮೊದಲು ನನ್ನ ಕುತ್ತಿಗೆ ಬಿಡ್ತಿರಲಿಲ್ಲ. ಉಗುರಿನ ಗೀರು ಮುಚ್ಚೋಕೆ ಫ್ಯಾಕ್ಟರಿಗೆ ದುಪಟ್ಟಾ ಸುತ್ತಿಕೊಂಡು ಹೋಗ್ತಿದ್ದೆ.

ಕೋಚ್ ಸಾರ್ ದಪ್ಪಗಿನ ಮನುಷ್ಯ, ದನಿ ಮಾತ್ರ ಬೆಣ್ಣೆ. ಅವರದ್ದು ಒಂದೇ ಪದ್ಧತಿ. ಪೂಲಿನ ಅಂಚಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು. ಯಾರ ಸರದಿಯೋ ಆ ಮಗು ಅದರ ಮೇಲೆ ಕೂತು ಕೈ ಮುಂದೆ ಚಾಚಬೇಕು. ನೀರಲ್ಲಿ ನಿಂತ ಸಾರ್ ಅಂಗೈ ಎತ್ತಿದರೆ "ವೇಟ್". ಕೈ ಇಳಿಸಿ ಎರಡು ಚಪ್ಪಾಳೆ ತಟ್ಟಿದರೆ ಹಾರಬೇಕು, ಅವರು ಹಿಡಿದುಕೊಳ್ತಾರೆ. ಮೊದಲೇ ಹಾರಿದವರ ಸರದಿ ಹೋಯ್ತು. ಅದಕ್ಕೇ ಆ ಚಿಳ್ಳೆಪಿಳ್ಳೆಗಳೆಲ್ಲ ಉಸಿರು ಬಿಗಿಹಿಡಿದು ಅವರ ಕೈಯನ್ನೇ ನೋಡೋವು.

ಒಂದು ದಿನ ನನ್ನ ಮಗಳು ಹಾರಿದಳು. ಮುಳುಗಿ, ಎದ್ದು, ಮೂಗಲ್ಲಿ ನೀರು ಸುರಿಸ್ಕೊಂಡು ನಕ್ಕಳು. ನಾನು ಅಲ್ಲೇ ನಿಂತು ಗೊಳೋ ಅಂತ ಅತ್ತುಬಿಟ್ಟೆ. ಎಂಥ ಖುಷಿ ಅಂತೀರಿ!

ಆಮೇಲೆ ಹುಡುಗಿಯ ವರಸೆಯೇ ಬದಲಾಯ್ತು. ಎದುರಿನ ಖಾಲಿ ಸೈಟಲ್ಲಿ ಸುರಿದಿದ್ದ ಮರಳಿನ ಗುಡ್ಡೆ ಹತ್ತಿ, ನಾನು ಕೈ ಎತ್ತಿ ಚಪ್ಪಾಳೆ ತಟ್ಟೋವರೆಗೂ ಕಾದು, ದಬಕ್ ಅಂತ ಹಾರೋಳು. ಜಾರುಬಂಡೆಯ ತುದಿ, ಮೆಟ್ಟಿಲು, ಮಂಚ, ಎಲ್ಲಿಂದಾದ್ರೂ ಸರಿ. "ಸಕ್ಕತ್ ಧೈರ್ಯ ಕಣ್ರೀ ನಿಮ್ಮ ಮಗೂಗೆ" ಅಂತ ಬೀದಿಯವರೆಲ್ಲ ಹೊಗಳಿದರು. ಅಜ್ಜಿ ಮಾತ್ರ ಹೊಗಳಲಿಲ್ಲ. "ನೀರು ಬೆಂಕಿ ಜೊತೆ ಸರಸ ಬ್ಯಾಡ ಕಣವ್ವ. ಎದ್ರಿಕೆ ಓದ್ಮೇಲೆ ನೀನೇ ಕಣ್ಣಿಟ್ಟಿರ್ಬೇಕು" ಅಂದರು.

ಅಜ್ಜಿಯ ಗುಮ್ಮನೂ ಕೆಲಸಕ್ಕೆ ಬಾರದ ಹಾಗಾದ. ಒಂದು ಸಂಜೆ ನಾನು ಶಿಫ್ಟ್ ಮುಗಿಸಿ ಬಂದಾಗ ನನ್ನ ಮಗಳು ಸಂಪಿನ ಮುಚ್ಚಳದ ಮೇಲೆ ಮಂಡಿಯೂರಿ, ಮುಷ್ಟಿಯಿಂದ ಅದನ್ನ ಬಡೀತಾ, ಒಳಗಿನವನನ್ನ ಕರೀತಿದ್ದಳು. "ಗುಮ್ಮಾ, ಬಾ. ಸ್ವಿಮ್ ಮಾಡೋಣ." ಸುತ್ತ ಇದ್ದವರೆಲ್ಲ ನಕ್ಕರು. ನಾನು ಅವಳನ್ನ ಎತ್ಕೊಂಡು ಸೀದಾ ಮೇಲಕ್ಕೆ ಹೋದೆ.

ಕೋಚ್ ಸಾರ್‌ಗೆ ಹೇಳಿದೆ. "ಮೇಡಂ, ಈಗಷ್ಟೇ ಕಾನ್ಫಿಡೆನ್ಸ್ ಬಂದಿದೆ, ಕೆಡಿಸ್ಬೇಡಿ" ಅಂದರು. ಕಾನ್ಫಿಡೆನ್ಸ್ ಬಂದಿತ್ತು, ನಿಜ. ಈಜು ಎಲ್ಲಿ ಬಂದಿತ್ತು? ಹಾರೋದು ಅವಳದು, ಮೇಲೆತ್ತೋದು ಅವರದು. ನೀರು ಇದ್ದಲ್ಲೆಲ್ಲ ಎತ್ತೋ ಕೈಗಳೂ ಇರ್ತವೆ ಅಂತ ಆ ಮಗು ನಂಬಿಬಿಟ್ಟಿತ್ತು.

ಬೇಸಿಗೆ ಬಂತು, ಬೋರ್‌ವೆಲ್ ಕೈಕೊಟ್ಟಿತು, ಟ್ಯಾಂಕರ್ ಶುರುವಾಯ್ತು. ನಮ್ಮ ಬೀದೀಲಿ ಒಂದು ರೂಢಿ. ಸಂಪು ತೆಗೆದಾಗ ಯಾರೂ ಅರಿಯದೆ ಕಾಲು ಹಾಕಬಾರದು ಅಂತ ಅದರ ಬಾಯಿಯ ಪಕ್ಕ ಒಂದು ಸ್ಟೂಲೋ ಮುರಿದ ಕುರ್ಚಿಯೋ ಇಡ್ತಾರೆ. ದೊಡ್ಡವರಿಗೆ ಅದು ಹುಷಾರು ಅನ್ನೋ ಗುರುತು. ಎಷ್ಟೋ ಸಲ ನೋಡಿದ್ದೆ. ಒಂದು ಸಲಕ್ಕೂ ತಲೆಗೆ ಹೊಳೆದಿರಲಿಲ್ಲ ನೋಡಿ.

ಅವತ್ತು ಬೆಳಿಗ್ಗೆ ನಾನು ಮೊದಲನೇ ಮಹಡಿಯ ಬಾಲ್ಕನೀಲಿ ಬಟ್ಟೆ ಹರವ್ತಿದ್ದೆ. ಮಗಳು ಕೆಳಗೆ ಅಜ್ಜಿ ಜೊತೆ. ಟ್ಯಾಂಕರ್ ಹಾರ್ನ್ ಕೇಳಿ ಅಜ್ಜಿ "ಮೇಲಕ್ಕೋಗವ್ವ, ಅಮ್ಮನತ್ರ" ಅಂತ ಅವಳನ್ನ ಮೆಟ್ಟಿಲು ಹತ್ತಿಸಿ, ಮುಚ್ಚಳ ತೆಗೆದು, ಪಕ್ಕದಲ್ಲಿ ತಮ್ಮ ಮನೆಯ ಕೆಂಪು ಪ್ಲಾಸ್ಟಿಕ್ ಸ್ಟೂಲು ಇಟ್ಟು, ಗೇಟಿನ ಹತ್ತಿರ ಹೋದರು. ರಿವರ್ಸ್ ತಗೊಳ್ತಿದ್ದ ಡ್ರೈವರನ ಮೇಲೆ ಅವರ ಕೂಗಾಟ. ಕ್ಲೀನರ್ ಟ್ಯಾಂಕರಿನ ಮೈಗೆ ಒಂದೊಂದೇ ಏಟು ತಟ್ಟಿ ಹಿಂದಕ್ಕೆ ಕರೀತಿದ್ದ. ಒಂದೊಂದೇ ಏಟು ಅಂದರೆ ಬಾ ಅಂತ. ಪಟಪಟ ಎರಡು ತಟ್ಟಿದರೆ ನಿಲ್ಲು ಅಂತ.

ಬಗ್ಗಿ ನೋಡಿದೆ. ನನ್ನ ಮಗಳು ಅರ್ಧ ಮೆಟ್ಟಿಲಿಂದ ವಾಪಸ್ ಇಳಿದಿದ್ದಳು. ಕೆಂಪು ಸ್ಟೂಲಿನ ಮೇಲೆ ಕೂತಿದ್ದಳು. ಕಾಲಬೆರಳು ಸಂಪಿನ ಅಂಚಲ್ಲಿ, ಕೈ ಎರಡೂ ಮುಂದೆ. ತಪ್ಪು ಮಾಡ್ತಿದೀನಿ ಅನ್ನೋ ಅಳುಕು ಅವಳ ಮುಖದಲ್ಲಿ ಚೂರೂ ಇರಲಿಲ್ಲ.

ಕಿರುಚೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಲೆ ಎತ್ತಿ ನನ್ನ ನೋಡಿದಳು. ಅದೇನು ಹೊಳೆಯಿತೋ, ಅಂಗೈ ಎತ್ತಿ ಹಿಡಿದೆ. "ವೇಟ್."

ಅವಳು ಕಾದಳು.

ನಾನು ಕೆಳಗೆ ಓಡಬೇಕು. ಓಡಿದರೆ ಈ ಕೈ ಅವಳ ಕಣ್ಣಿಂದ ಮರೆಯಾಗುತ್ತೆ. ಓಡದಿದ್ದರೆ ಅವಳನ್ನ ಎತ್ತೋರು ಯಾರು? "ಅಜ್ಜೀ" ಅಂದೆ. ಟ್ಯಾಂಕರಿನ ಗುರುಗುಟ್ಟುವಿಕೆಯಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಜೋರಾಗಿ ಕೂಗೋಕೆ ಧೈರ್ಯ ಇಲ್ಲ. ಬೆಚ್ಚಿದರೂ ಮುಂದಕ್ಕೇ ಬೀಳೋದು. ಕ್ಲೀನರನ ಕೈ ಮೇಲೆದ್ದಿದ್ದು ಕಾಣ್ತಿತ್ತು. ಬೇಡಪ್ಪಾ, ಬೇಡಪ್ಪಾ ಅಂತ ಒಳಗೇ ಅಂದ್ಕೊಂಡೆ.

ಟಪ್, ಟಪ್.

ಅವಳ ಮಂಡಿ ಬಾಗಿತು. ಕುಂಡಿ ಸ್ಟೂಲಿಂದ ಮೇಲೆದ್ದಿತು. ಮತ್ತೆ ನನ್ನ ಕಡೆ ನೋಡಿದಳು. ನನ್ನ ಕೈ ಅಲ್ಲೇ ಇತ್ತು. ಗಲ್ಲ ಉಬ್ಬಿಸ್ಕೊಂಡು ಪುನಃ ಕೂತಳು.

ಎಂಜಿನ್ ಆಫ್ ಆಯ್ತು. ಸಕ್ಕರೆ ಇದೆಯಾ ಅಂತ ಕೇಳೋ ದನಿಯಲ್ಲಿ ಹೇಳಿದೆ. "ಅಜ್ಜಿ, ಹಿಂದೆ ನೋಡಿ. ಕೂಗ್ಬೇಡಿ."

ಅಜ್ಜಿ ತಿರುಗಿದರು. ಮಂಡಿನೋವಿನ ಆ ಜೀವ ಗೋಡೆ ಹಿಡ್ಕೊಂಡು, ಸದ್ದಿಲ್ಲದೆ, ನಿಧಾನಕ್ಕೆ ಹಿಂದಿನಿಂದ ಬಂತು. ಅಷ್ಟು ನಿಧಾನವಾದ ನಡಿಗೆ ನಾನು ಯಾವತ್ತೂ ನೋಡಿಲ್ಲ. ಫ್ರಾಕು ಹಿಡಿದು ಹಿಂದಕ್ಕೆ ಎಳೆದರು. ಸ್ಟೂಲು ಉರುಳಿ ಸಂಪಿನೊಳಗೆ ಬಿತ್ತು.

ಹೇಗೆ ಇಳಿದೆನೋ ಗೊತ್ತಿಲ್ಲ. ಮಗಳನ್ನ ಅವುಚಿಕೊಂಡಾಗಲೂ ಎತ್ತಿದ್ದ ಕೈ ಮರಗಟ್ಟಿ ಬಾಗ್ತಿರಲಿಲ್ಲ. ಅಜ್ಜಿ ಹಣೆ ಹಣೆ ಚಚ್ಕೊಂಡು, "ನಾನ್ಯಾಕಮ್ಮ ಬದುಕಿರ್ಬೇಕು" ಅಂತ ಅತ್ತರು. ನಾನೂ ಅತ್ತೆ. ಮಗಳು ಎಲ್ಲರಿಗಿಂತ ಜೋರಾಗಿ ಅತ್ತಳು, ಯಾಕೆ ಅಂತ ಆಗ ನಮಗೆ ತಿಳೀಲಿಲ್ಲ. ಮಧ್ಯಾಹ್ನದೊಳಗೆ ಮುಚ್ಚಳಕ್ಕೆ ಬೀಗ ಬಿತ್ತು. ಅದರ ಕೀಲಿ ಅಜ್ಜಿ ತಮ್ಮ ತಾಳಿ ಸರಕ್ಕೇ ಪೋಣಿಸ್ಕೊಂಡರು.

ಸಂಜೆ ಮೊಸರನ್ನ ತಿನ್ನಿಸ್ತಿದ್ದೆ. ಅವಳು ಬೆಳಿಗ್ಗೆ ನಾನು ಎತ್ತಿದ್ದ ಕೈ ಹಿಡಿದು, ಅಂಗೈ ತಿರುಗಿಸಿ, ಮೂತಿ ಊದಿಸ್ಕೊಂಡು ಕೇಳಿದಳು.

"ಅಮ್ಮ, ಯಾಕೆ ಕೈ ಇಳಿಸ್ಲಿಲ್ಲ? ನಾನು ರೆಡಿ ಇದ್ದೆ."