ಎಲ್ಲದಕ್ಕೂ ಉತ್ತರವಿದ್ದ ವೇಣಿ

ನಮ್ಮ ಪೀಣ್ಯದ ರ‍್ಯಾಂಕ್ ಹುಡುಗಿ ವೇಣಿಯನ್ನು ನೀವು ಪೂರ್ತಿ ಪ್ರಶ್ನೆ ಕೇಳುವ ಹಾಗೇ ಇಲ್ಲ, ಅರ್ಧದಲ್ಲೇ ಉತ್ತರ ಬಂದುಬಿಡುತ್ತದೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನು "ಇನ್ನೊಂದು..." ಅನ್ನುವಷ್ಟರಲ್ಲಿ "ಸಾಕು, ತುಪ್ಪ ಮಾತ್ರ ಹಾಕಿ" ಅಂದಿರುತ್ತಾಳೆ. ಮೆಟ್ರೋದಲ್ಲಿ ಪಕ್ಕ ಕೂತ ಮಗುವಿನ ಹೋಂವರ್ಕ್ ಕೇಳದೆಯೇ ತಿದ್ದುತ್ತಾಳೆ. ಇಂಥವಳು, ಈಜುಕೊಳವಿರುವ ಖಾಸಗಿ ಕಾಲೇಜಿನವರು ಮನೆಗೇ ಬಂದು ಕೊಟ್ಟ ಫ್ರೀ ಸೀಟು ಬಿಟ್ಟು, ಗೋಡೆಯ ಸುಣ್ಣ ಉದುರುವ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ್ದಾಳೆ. ಯಾಕೆ ಅಂದರೆ ಅದಕ್ಕೂ ಉತ್ತರ ರೆಡಿ: ಅಜ್ಜಿಗೆ "ಅಲ್ಲಿ ಮರ ಜಾಸ್ತಿ ಅಜ್ಜಿ", ನೆಂಟರಿಗೆ "ಸಂಶೋಧನೆಗೆ ಒಳ್ಳೇ ಹೆಸರಿದೆ", ಪಕ್ಕದ ಮನೆಯ ನನಗೆ "ಸುಮ್ನೆ ಅಂಕಲ್". ಒಂದನ್ನೂ ನಾನು ನಂಬಿರಲಿಲ್ಲ. ನಿಜ ಹೇಳಿದ್ದು ಅವಳಪ್ಪ, ಇಲ್ಲೇ ವರ್ಕ್‌ಶಾಪ್ ಇಟ್ಟಿರುವ ಮುನೀಂದ್ರ. ಸೇರುವ ಮೊದಲು ಅಪ್ಪ ಮಗಳು ಅಲ್ಲಿನ ಲ್ಯಾಬ್ ನೋಡಲು ಹೋಗಿದ್ದರಂತೆ. "ನಮ್ಮಪ್ಪನ ಲೇತ್ ಮಷೀನು ಒಂದೊಂದು ದಿನ ಯಾಕೆ ಹಾಗೆ ಕಿರುಚುತ್ತೆ ಮೇಡಂ?" ಅಂತ ವೇಣಿ ಕೇಳಿದಳಂತೆ. ಪ್ರೊಫೆಸರಮ್ಮ ತುಂಬ ಹೊತ್ತು ಯೋಚಿಸಿ, "ಪೂರ್ತಿ ನನಗೂ ಗೊತ್ತಿಲ್ಲ ಕಣಮ್ಮ. ಬಾ, ಹುಡುಕೋಣ" ಅಂದರಂತೆ. "ಮನೆ ತಲುಪೋವರ್ಗೂ ನನ್ ಮಗಳು ಬಾಯೇ ಬಿಡ್ಲಿಲ್ಲ ಅಣ್ಣ," ಅಂದ ಮುನೀಂದ್ರ. "ಜ್ವರ ಬಂತೇನೋ ಅಂತ ಹಣೆ ಮುಟ್ಟಿ ನೋಡ್ದೆ."