ಹೋಲ್ಟರ್ ಕಟ್ಟಿಕೊಂಡು ರೊಟ್ಟಿ ಬಡಿದದ್ದು

ಹೋಲ್ಟರ್ ಪರೀಕ್ಷೆಗೆ ನಾನು ಕೊಟ್ಟದ್ದು ಸಾವಿರದ ಇನ್ನೂರು ರೂಪಾಯಿ. ಅವರು ಕೇಳಿದ್ದು ಸಾವಿರದ ಐನೂರು. ವಿಜಯನಗರದಲ್ಲಿ ಖಾನಾವಳಿ ನಡೆಸುವವಳು ಹೇಳಿದ ದರಕ್ಕೆ ಬದನೆಕಾಯಿಯನ್ನೇ ಕೊಳ್ಳುವುದಿಲ್ಲ, ಇದನ್ನು ಕೊಳ್ಳುತ್ತಾಳೆಯೇ? ನನಗೆ ಆಗಾಗ ತಲೆ ಸುತ್ತುತ್ತಿತ್ತು. ಒಂದು ಹಗಲು, ಒಂದು ರಾತ್ರಿ ಎದೆಬಡಿತವನ್ನು ಬಿಡದೆ ದಾಖಲಿಸುವ ಯಂತ್ರ ಕಟ್ಟಬೇಕೆಂದರು ಡಾಕ್ಟರು. ಎದೆಗೆ ಅಂಟಿಸಿದ ವೈರುಗಳು, ಸೊಂಟಕ್ಕೆ ಸಣ್ಣ ಪೆಟ್ಟಿಗೆ. ಸ್ನಾನವೊಂದು ಬಿಟ್ಟು ದಿನಾ ಮಾಡುವುದನ್ನೆಲ್ಲ ಮಾಡಿ ಎಂದು ಕಳಿಸಿದರು. ಮಾಡಿದೆ.

ವರದಿ ನೋಡುತ್ತ ಡಾಕ್ಟರ ಮುಖ ಗಂಭೀರವಾಯಿತು.

"ಬೆಳಿಗ್ಗೆ ಎದೆಬಡಿತ ವಿಪರೀತ ಓಡಿದೆ. ಆಗ ಏನ್ ಮಾಡ್ತಿದ್ರಿ ಅಮ್ಮ?"

"ಏನಿಲ್ರೀ ಸಾಹೇಬ್ರ, ಕುಂತಿದ್ದೆ."

"ಕೂತಾಗಲೇ ಹೀಗಾ? ಅಡ್ಮಿಟ್ ಆಗಿ. ಇನ್ಮೇಲೆ ಒಲೆ ಮುಂದೆ ಹೋಗೋ ಹಾಗಿಲ್ಲ. ಖಾನಾವಳಿ ಬಿಡ್ಬೇಕಾಗತ್ತೆ."

ಬಿಜಾಪುರದ ಕಡೆಯಿಂದ ಹಂಚೊಂದನ್ನು ಹೊತ್ತು ಬಂದು ನಾನು ಕಟ್ಟಿದ್ದು ಅದೊಂದೇ. ಅದನ್ನೇ ಬಿಡು ಎಂದರೆ? ನನ್ನ ಬಾಯಿ ಸುಮ್ಮನಿರಲಿಲ್ಲ.

"ಒಂದೇ ಸವನ ಓಡೇತೇನ್ರೀ?"

"ಇಲ್ಲ, ಸ್ವಲ್ಪ ಹೊತ್ತು ಓಡತ್ತೆ, ನಿಲ್ಲತ್ತೆ, ಮತ್ತೆ ಶುರುವಾಗತ್ತೆ."

"ನಿಲ್ಲತೈತಿ? ಅದು ಹಂಚಿನ ಮ್ಯಾಲ ಹಾಕೋ ಹೊತ್ರೀ! ನಾ ಕುಂತು ರೊಟ್ಟಿ ಬಡೀತಿದ್ದೆ!"

"ಈಗ್ತಾನೇ ಏನಿಲ್ಲ ಅಂದ್ರಲ್ಲಮ್ಮ?"

"ರೊಟ್ಟಿ ಬಡಿಯೋದನ್ನ ನಮ್ಮ ಕಡೆ ಯಾರು ಕೆಲಸ ಅಂತಾರ್ರೀ?"

ಡಾಕ್ಟರು ನಕ್ಕುಬಿಟ್ಟರು. ಆದರೆ ನಗುತ್ತಲೇ ಬಿಟ್ಟುಬಿಡುವವರಲ್ಲ. ಅಲ್ಲೇ ಇಸಿಜಿ ವೈರು ಹಚ್ಚಿಸಿ, "ಬಡೀರಿ ನೋಡೋಣ" ಎಂದು ಮೇಜನ್ನು ತೋರಿಸಿದರು. ಜೋಳದ ಹಿಟ್ಟಿನ ಮುದ್ದೆ ಅಲ್ಲಿದೆ ಎಂದುಕೊಂಡು ಅಂಗೈಯಲ್ಲಿ ಪಟಪಟ ಬಡಿದೆ. ಕಾಗದದ ಮೇಲೆ ಗೆರೆ ವರದಿಯಲ್ಲಿದ್ದಂತೆಯೇ ಕುಣಿಯಿತು. ಕೈ ನಿಲ್ಲಿಸಿದೆ, ಗೆರೆ ತೆಪ್ಪಗಾಯಿತು.

"ಕೈ ಬಡಿದಾಗೆಲ್ಲ ಎದೆ ಮೇಲಿನ ವೈರು ಅಲುಗಿದೆ. ಯಂತ್ರ ಬರ್ಕೊಂಡಿರೋದು ಹೃದಯಾನಲ್ಲ, ನಿಮ್ಮ ಕೈಯನ್ನ! ಆದ್ರೂ ಇನ್ನೊಂದ್ಸಲ ಕಟ್ಟಿ ನೋಡೋಣ."

"ಇದಕ್ಕ ರೊಕ್ಕ ಕೊಡಂಗಿಲ್ರೀ" ಎಂದೆ. ಅವರು ರೊಕ್ಕ ಕೇಳಲೂ ಇಲ್ಲ.

ಎರಡನೇ ಸಲ ಯಂತ್ರ ಕಟ್ಟಿದ್ದಾಗ ಬೆಳಿಗ್ಗೆ ಹಂಚನ್ನು ತಂಗಿಗೆ ಒಪ್ಪಿಸಿ ನಿಜವಾಗಿಯೂ ಕುಳಿತೆ. "ಏನಕ್ಕಾ, ಮಹಾರಾಣಿ ಆಗೀಯಲ್ಲ!" ಎಂದಳು. ಎರಡನೇ ವರದಿಯಲ್ಲಿ ಒಂದು ಕೊಂಕೂ ಇರಲಿಲ್ಲ. ತಲೆಸುತ್ತಿಗೆ ಕಾರಣ ರಕ್ತ ಕಡಿಮೆಯಾಗಿದ್ದು ಎಂದು ರಕ್ತ ಪರೀಕ್ಷೆಯಲ್ಲಿ ತಿಳಿಯಿತು. ಅದು ಬರಬರುತ್ತ ಕಬ್ಬಿಣದ ಮಾತ್ರೆಯಲ್ಲಿ ಹೋಯಿತು. ವರದಿ ಬಂದ ಮರುದಿನವೇ ನಾನೇ ಹಂಚಿನ ಮುಂದೆ ಕುಳಿತು, ಬಂದವರಿಗೆಲ್ಲ ಶೇಂಗಾ ಹೋಳಿಗೆ ಬಡಿಸಿದೆ. ಯಾಕೆಂದು ಕೇಳಿದವರಿಗೆ ಎದೆ ತಟ್ಟಿ ತೋರಿಸಿದೆ.

ನಿಮಗೂ ಈ ಯಂತ್ರ ಕಟ್ಟಿದರೆ, ಹಲ್ಲುಜ್ಜಿದ್ದು, ಬಟ್ಟೆ ಒಗೆದದ್ದು, ಚಟ್ನಿ ಅರೆದದ್ದು ಎಲ್ಲ ಹೇಳಿ. ಕೆಲಸವಲ್ಲ ಎನಿಸಿದ್ದನ್ನು ಮೊದಲು ಹೇಳಿ. ಅಂಟಿಸಿದ್ದು ಕಿತ್ತುಬಂದರೆ ಮುಚ್ಚಿಡಬೇಡಿ. ವರದಿಗೆ ಹೆದರಿ ಡಾಕ್ಟರನ್ನು ಬಿಟ್ಟು ಓಡಬೇಡಿ; ಅವರ ಮುಂದೆಯೇ ಕುಳಿತು, ಆ ಹೊತ್ತಿಗೆ ನಿಮ್ಮ ಕೈ ಎಲ್ಲಿತ್ತು ಎಂದು ನೆನಪು ಮಾಡಿಕೊಳ್ಳಿ.