ಶಿವಪುತ್ರಪ್ಪನವರ ಭೇಟಿ ಪುಸ್ತಕ

ಹುಕ್ಕೇರಿಯ ಕಚೇರಿಯೊಂದರಲ್ಲಿ ಬಡಮಕ್ಕಳ ಓದಿಗೆ ಬರುವ ಸಹಾಯಧನದ ಅರ್ಜಿ ನೋಡುವ ಗುಮಾಸ್ತ ಶಿವಪುತ್ರಪ್ಪನವರಿಗೆ ಮಕ್ಕಳೆಂದರೆ ಪ್ರಾಣ. ಎಷ್ಟೆಂದರೆ, ಮಗುವಿನ ಮುಖ ನೋಡದೆ ಅವರು ಒಂದು ಕಾಗದವನ್ನೂ ಮುಟ್ಟುವುದಿಲ್ಲ. “ಬರೇ ಅವ್ವ ಬಂದ್ರ ನಡಿಯೂದಿಲ್ರಿ, ಕೂಸನ್ನ ಕರಕೊಂಡು ಬರ್ರಿ,” ಎನ್ನುತ್ತಾರೆ. ಕೂಸು ಬಂದ ದಿನ ಫೋಟೊ ಹಳೆಯದಾಗಿರುತ್ತದೆ, ಫೋಟೊ ಹೊಸದಾದ ದಿನ ಸರ್ವರ್ ಮಲಗಿರುತ್ತದೆ, ಸರ್ವರ್ ಎದ್ದ ದಿನ ಇವರು ಊಟಕ್ಕೆ ಎದ್ದಿರುತ್ತಾರೆ. ಹಾಗಂತ ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಪ್ರತಿ ಮಗುವಿಗೂ ಒಂದು ಪೆಪ್ಪರಮಿಂಟು ಕೊಟ್ಟು, ಭೇಟಿ ಪುಸ್ತಕದಲ್ಲಿ ತಾರೀಖು ಹಾಕಿಸಿ ಸಹಿ ಮಾಡಿಸುತ್ತಾರೆ: “ಬಂದದ್ದಕ್ಕ ದಾಖಲೆ ಇರಬೇಕಲ್ರಿ.” ಮೊನ್ನೆ ಘೋಡಗೇರಿಯ ಸಾಯಿರಾಬಿಯ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ‘ಹಾಜರಾತಿ ಸಾಲದು’ ಎಂದು ಬರೆದರು. ಏಳನೇ ತರಗತಿಯ ಅವಳ ಮಗಳು ಫರೀನಳಿಗೆ ಬುದ್ಧಿಯನ್ನೂ ಹೇಳಿದರು: “ಹನ್ನೊಂದು ದಿನ ಸಾಲಿ ತಪ್ಪಿಸೀದಿ. ಎಲ್ಲಿ ಹೋಗಿದ್ದಿ ತಂಗಿ?” ಹುಡುಗಿ ಭೇಟಿ ಪುಸ್ತಕ ತಿರುವಿ, ತನ್ನ ಹನ್ನೊಂದು ಸಹಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. ಶಿವಪುತ್ರಪ್ಪನವರ ಕಣ್ಣು ನಿಜಕ್ಕೂ ಒದ್ದೆಯಾಯಿತು. ಅದುವರೆಗೆ ಯಾರಿಗೂ ಕೊಟ್ಟಿರದ ಎರಡನೇ ಪೆಪ್ಪರಮಿಂಟನ್ನು ಅವಳ ಅಂಗೈಯಲ್ಲಿಟ್ಟು, ಕೆಂಪು ಬರಹವನ್ನು ತಾವೇ ಹೊಡೆದುಹಾಕಿದರು. “ಖರೇನ ತಪ್ಪಾತವಾ. ಸಾಹೇಬರಿಗೆ ನಾನ ಹೇಳ್ತೇನಿ. ನಾಳೆ ಮುಂಜಾನೆ ಹತ್ತಕ್ಕ ಬಾ. ನೀನ ಬರಬೇಕು ಮತ್ತ.”